ಸಾಯಿ ಪೇ ಎಂದವನಿಗೆ

ನನ್ನ ತಮ್ಮ ಇಸಿಲೆಲಿ,

ಈ ಕಾಗದ ನಿನಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ನಿನಗೆ ಗೊತ್ತಿದ್ದದ್ದು ಒಂದೇ ಒಂದು ಶಬ್ದ, ಅದೂ ನನ್ನನ್ನು ಗೋಳು ಹೊಯ್ದುಕೊಳ್ಳಲಿಕ್ಕೆ. ನಿಮ್ಮ ಟಾಂಗಾ ಭಾಷೆಯಲ್ಲೇ ಬರೆಯೋಣವೆಂದು ಮೂರು ಸಲ ಕೂತೆ. ಮೂರು ಸಲವೂ ಮೊದಲ ಸಾಲಿಗೇ ಪೆನ್ನು ನಿಂತಿತು. ನಿಮ್ಮಲ್ಲಿ ಕಾಗದ ಶುರುವಾಗುವುದೇ ‘ಫೆಫೇ ಹಾಕೆ’ ಎಂದಲ್ಲವೇ? ಹೇಗಿದ್ದೀಯ ಎಂದು ನಿನ್ನನ್ನು ಕೇಳುವ ಬಾಯಿ ನನಗೆ ಉಳಿದಿಲ್ಲ ಮಾರಾಯ. ಅದಕ್ಕೇ ನನ್ನ ಭಾಷೆಗೆ ಬಂದೆ. ಇಲ್ಲಿ ಯಾರೂ ಇದನ್ನು ಓದಿ ನನಗೆ ಸಮಾಧಾನ ಹೇಳಲಾರರು, ಅದೂ ಒಳ್ಳೆಯದೇ ಆಯಿತು.

ಫೆಬ್ರವರಿಯ ಚಂಡಮಾರುತ ಕಳೆದು ಐದು ತಿಂಗಳಾಯಿತು. ನೀನು ನಿನ್ನ ಮೊಟುಹಿಫೋ ದ್ವೀಪದ ಬಿಳಿ ಮರಳಿನ ಕೆಳಗೆ ಮಲಗಿಯೂ ಹೆಚ್ಚುಕಡಿಮೆ ಅಷ್ಟೇ ದಿನ. ನನ್ನ ಮೇಜಿನ ಮೇಲೆ ಈಗ ಒಂದು ವರದಿ ಇದೆ. ರಾಜಧಾನಿಯಿಂದ ಬಂದಿದೆ, ನಲವತ್ತು ಪುಟ. ಹನ್ನೊಂದನೆಯ ಪುಟದಲ್ಲಿ ನೀನಿದ್ದೀಯ. ‘ಮೊಟುಹಿಫೋದ ಊರ ಅಧಿಕಾರಿಯು ತುರ್ತು ಅಗತ್ಯವಿಲ್ಲವೆಂದು ತಪ್ಪು ಮಾಹಿತಿ ಕೊಟ್ಟಿದ್ದರಿಂದ ದೋಣಿ ತಡವಾಯಿತು.’ ಇಷ್ಟೇ. ಇಪ್ಪತ್ತೆರಡು ವರ್ಷ ಊರನ್ನು ತಲೆಯ ಮೇಲೆ ಹೊತ್ತವನಿಗೆ ಒಂದು ಸಾಲು, ಅದೂ ಇಂಥದ್ದು. ಕೊನೆಯ ಪುಟದಲ್ಲಿ ದ್ವೀಪಗಳ ಪರಿಹಾರ ಸಂಯೋಜಕಿಯ ಸಹಿಗೆ ಜಾಗ ಬಿಟ್ಟಿದ್ದಾರೆ. ಆ ಸಂಯೋಜಕಿ ನಾನು. ನಾನು ಸಹಿ ಹಾಕಿದರೆ ನೀನು ನಿನ್ನ ಬಾಯಿಂದಲೇ ಸತ್ತೆ ಎಂದಾಗುತ್ತದೆ, ನಾನು ಕೈತೊಳೆದುಕೊಂಡು ಮುಂದಿನ ಚಂಡಮಾರುತಕ್ಕೆ ತಯಾರಾಗಬಹುದು.

ನಮ್ಮಿಬ್ಬರ ನಡುವೆ ಆ ಶಬ್ದ ಬಂದ ದಿನ ನಿನಗೆ ನೆನಪಿದೆಯೇ? ಹತ್ತೊಂಬತ್ತು ವರ್ಷದ ಹಿಂದೆ, ದೋಣಿಗಳ ಎಂಜಿನ್ ರಿಪೇರಿ ಕಲಿಸಲು ಬಂದ ನನ್ನ ಗಂಡ ದಾಮೋದರನ ಹಿಂದೆ ನಾನೂ ನಿನ್ನ ದ್ವೀಪದಲ್ಲಿ ಇಳಿದೆ. ಪುಸ್ತಕ ನೋಡಿ ಬಾಯಿಪಾಠ ಮಾಡಿದ್ದನ್ನು ಧೈರ್ಯವಾಗಿ ಒದರಿದೆ: “ಫೆಫೇ ಹಾಕೆ?” ನೀನು ಹಲ್ಲು ಕಿಸಿದು ಹೇಳಿದೆ, “ಸಾಯಿ ಪೇ!” ನನ್ನ ಮುಖ ಸುಟ್ಟ ಬದನೆಕಾಯಿ ಆಗಿರಬೇಕು. ಚೆನ್ನಾಗಿದ್ದೇನೆ ಅನ್ನಲು ಇವರು ಹೀಗೆ ಹೇಳುತ್ತಾರೆಂದು ದಾಮೋದರ ಕಿವಿಯಲ್ಲಿ ಹೇಳಿದ ಮೇಲೆ ನಾನು ನಿನಗೆ ವಿವರಿಸಿದೆ, ನಮ್ಮಲ್ಲಿ ಸಾಯಿ ಅಂದರೆ ಸತ್ತುಹೋಗು ಎಂದರ್ಥ ಮಾರಾಯ, ಅಂಕೋಲೆಯಲ್ಲಿ ಯಾರಿಗಾದರೂ ಹಾಗೆ ಅಂದರೆ ಹಲ್ಲು ಉದುರುತ್ತದೆ ಎಂದು. ಎಲಾ ಇವನ! ನೀನು ಹೊಟ್ಟೆ ಹಿಡಿದುಕೊಂಡು ಮರಳಲ್ಲಿ ಕೂತು ನಕ್ಕೆ. ಸಂಜೆಯೊಳಗೆ ಇಡೀ ಊರಿಗೆ ಸುದ್ದಿ. ಮಾರನೇ ದಿನ ಮಕ್ಕಳು ನನ್ನ ಹಿಂದೆ ಓಡಿ ಬರುತ್ತಿದ್ದವು, “ವಾಲಿಸಾ, ಸಾಯಿ! ವಾಲಿಸಾ, ಸಾಯಿ!” ವಾರಿಜಾ ಎಂಬ ನನ್ನ ಹೆಸರನ್ನು ನಿಮ್ಮ ನಾಲಗೆ ವಾಲಿಸಾ ಮಾಡಿದ್ದೂ ಆವಾಗಲೇ.

ಆಮೇಲೆ ನನಗೂ ಅದು ಅಭ್ಯಾಸವಾಯಿತು. ಮೂರು ವರ್ಷದಲ್ಲಿ ಆ ಶಬ್ದದಲ್ಲಿ ಕನ್ನಡ ಕೇಳುವುದೇ ನಿಂತಿತು. ಜ್ವರ ಬಂದು ಬಿದ್ದವರೂ, ಮನೆಯಲ್ಲಿ ಗೆಣಸು ಮುಗಿದವರೂ, ಹೆಂಡತಿಯ ಹತ್ತಿರ ಬೈಸಿಕೊಂಡು ಬಂದವರೂ ನಿಮ್ಮಲ್ಲಿ ಸಾಯಿ ಪೇ ಎಂದೇ ಅನ್ನುತ್ತೀರಿ. ಇನ್ನೊಬ್ಬರ ಮೇಲೆ ತನ್ನ ಕಷ್ಟ ಹೇರುವುದು ಮರ್ಯಾದೆಯಲ್ಲ. ನಾನೂ ಹಾಗೇ ಆದೆ. ನನ್ನನ್ನು ಟಾಂಗಾದವಳೇ ಅಂದುಬಿಟ್ಟರೆ ಎಷ್ಟು ಉಬ್ಬುತ್ತಿದ್ದೆ ನಾನು! ಆ ಉಬ್ಬೇ ಕೊನೆಗೆ ನಿನ್ನನ್ನು ತಿಂದಿತು.

ದಾಮೋದರ ಎದೆನೋವಿನಿಂದ ಕೂತಲ್ಲೇ ಹೋದಾಗ, ಎಂಟು ವರ್ಷದ ಹಿಂದೆ, ಬಂದವರೆಲ್ಲ ಹೇಗಿದ್ದೀಯ ಎಂದು ಕೇಳಿದರು. ಎಲ್ಲರಿಗೂ ಸಾಯಿ ಪೇ, ಸಾಯಿ ಪೇ ಎಂದೆ. ನೀನೊಬ್ಬ ಕೇಳಲಿಲ್ಲ. ನಿನ್ನ ಹೆಂಡತಿ ಪಿಸಿಲಾಳನ್ನು ಕರೆದುಕೊಂಡು ನಿನ್ನ ಪುಟ್ಟ ದೋಣಿಯಲ್ಲಿ ನಾಲ್ಕು ತಾಸು ಅಲೆ ಸೀಳಿಕೊಂಡು ನಾವು ಆಗ ಮನೆ ಮಾಡಿಕೊಂಡಿದ್ದ ಪಾಂಗಾಯಿ ಪಟ್ಟಣಕ್ಕೆ ಬಂದೆ, ಹೆಗ್ಗೆಣಸಿನ ಬುಟ್ಟಿ ಅಂಗಳದಲ್ಲಿ ಇಳಿಸಿದೆ, ಸೋರುತ್ತಿದ್ದ ನಲ್ಲಿ ಬಿಚ್ಚಿ ಸರಿಮಾಡಿದೆ. ಪಿಸಿಲಾ ಒಲೆ ಹೊತ್ತಿಸಿದಳು. ಮೂರು ದಿನ ಇದ್ದು ಹೋಗುವಾಗ ಒಂದೇ ಮಾತು ಅಂದೆ: “ಇವತ್ತಿಂದ ನೀನು ನನ್ನ ಅಕ್ಕ. ಸುಮ್ನಿರು, ವಾದ ಮಾಡ್ಬೇಡ.” ನಾನು ವಾದ ಮಾಡಲಿಲ್ಲ.

ಅಂಕೋಲೆಯಲ್ಲಿ ನನ್ನ ಅವ್ವನೂ ಹೀಗೇ ಇದ್ದಳು. ಒಲೆಯಲ್ಲಿ ಬೂದಿ ತಣ್ಣಗಿದ್ದರೂ ಯಾರಾದರೂ ಊಟ ಆಯಿತಾ ಎಂದು ಕೇಳಿದರೆ, “ಆಯ್ತೇ ಮಾರಾಯ್ತಿ, ಈಗಷ್ಟೇ ಕೈ ತೊಳ್ದೆ” ಎನ್ನುತ್ತಿದ್ದಳು. ಆಚೆಮನೆಯ ನಾಗಮ್ಮಕ್ಕ ಇದನ್ನು ಬಲ್ಲವಳು. ಅವಳು ಯಾವತ್ತೂ ಕೇಳಲೇ ಇಲ್ಲ. ಗಂಜಿಯ ಚಂಬು ತಂದು ಜಗುಲಿಯ ಮೇಲಿಟ್ಟು, “ನಮ್ಮನೇಲಿ ಹೆಚ್ಚಾಯ್ತು, ಚೆಲ್ಲೂಕೆ ಮನಸ್ಸು ಬರ್ಲಿಲ್ಲ” ಎಂದು ತಿರುಗಿ ನೋಡದೆ ಹೋಗುತ್ತಿದ್ದಳು. ಆ ಗಂಜಿ ಕುಡಿದು ಬೆಳೆದವಳು ನಾನು. ಎರಡು ನಾಡಿನಲ್ಲೂ ಈ ಪಾಠ ಕಲಿತವಳು, ಬೇಕಾದ ಹೊತ್ತಿಗೆ ಮರೆತೆ.

ಚಂಡಮಾರುತ ಶನಿವಾರ ಮಧ್ಯಾಹ್ನ ದಾಟಿ ಹೋಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ರೇಡಿಯೋದ ಮುಂದೆ ಕೂತೆ. ಹತ್ತು ದ್ವೀಪ, ಒಂದೇ ದೋಣಿ. ಗೋಡೆಯ ನಕ್ಷೆಗೆ ಚುಚ್ಚಲು ಮೂರು ಬಣ್ಣದ ಪಿನ್ನು: ಕೆಂಪು ಅಂದರೆ ಇವತ್ತೇ ಹೋಗಬೇಕು, ಹಳದಿ ಅಂದರೆ ನಾಳೆ, ಹಸಿರು ಅಂದರೆ ತಡೆಯಬಹುದು. ಒಂದೊಂದೇ ದ್ವೀಪವನ್ನು ಕೂಗುತ್ತಾ ಹೋದೆ, ಉಳಿದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ನಿನಗಿಂತ ಮೊದಲು ನಿಯುಲಾ ದ್ವೀಪದ ಸರದಿ. ಅಲ್ಲಿಯ ನರ್ಸ್ ಅಮೇಲಿಯಾ ಹನ್ನೊಂದು ವರ್ಷ ಆಕ್ಲೆಂಡಿನಲ್ಲಿದ್ದು ಬಂದವಳು. ಅವಳು ಕ್ಷೇಮ, ಗೀಮ ಏನೂ ಹೇಳಲಿಲ್ಲ. “ನೀರಿಲ್ಲ. ಇವತ್ತು ಸಂಜೆಗೆ ಮುಗಿಯತ್ತೆ. ಎರಡು ಬಸುರಿಯರಿದಾರೆ. ದೋಣಿ ಕಳ್ಸಿ” ಎಂದಳು. ನಮ್ಮ ಕಚೇರಿಯಲ್ಲಿ ಮುಖ ಮುಖ ನೋಡಿಕೊಂಡರು. “ಏನು ಹೆಂಗಸಪ್ಪಾ, ಒಂಚೂರು ನಾಚಿಕೆ ಇಲ್ಲ” ಎಂದು ಯಾರೋ ಗೊಣಗಿದರು. ನಾನು ನಿಯುಲಾಕ್ಕೆ ಕೆಂಪು ಪಿನ್ನು ಚುಚ್ಚಿದೆ.

ಆಮೇಲೆ ನೀನು. “ಮೊಟುಹಿಫೋ, ಮೊಟುಹಿಫೋ. ಫೆಫೇ ಹಾಕೆ, ಇಸಿಲೆಲಿ?”

“ಸಾಯಿ ಪೇ ಅಕ್ಕಾ, ಸಾಯಿ ಪೇ! ತಗಡು ಒಂದಿಷ್ಟು ಹಾರಿದೆ, ಅಷ್ಟೇ. ನಿನ್ನ ಕಚೇರಿ ಮೇಲೆ ಚಾವಣಿ ಇದೆಯಾ ಇಲ್ವಾ? ಹೇಳು, ನಾವೇ ಬಂದು ಹೊದಿಸಿಕೊಡ್ತೀವಿ.”

ರೇಡಿಯೋದಲ್ಲಿ ಆ ಕಡೆಯಿಂದ ಈ ಕಡೆಯವರೆಗೆ ಎಲ್ಲ ದ್ವೀಪಗಳೂ ನಕ್ಕವು. ನಾನೂ ನಕ್ಕೆ. ನಗುತ್ತಲೇ ಹಸಿರು ಪಿನ್ನು ಎತ್ತಿಕೊಂಡೆ.

ಆಗ ನನ್ನ ಪಕ್ಕದಲ್ಲಿ ಯೆನ್ಸ್ ಇದ್ದ. ಡೆನ್ಮಾರ್ಕಿನಿಂದ ಸಹಾಯಕ್ಕೆಂದು ಬಂದವನು, ಅರವತ್ತರ ಹತ್ತಿರದವನು, ಮುಖ ಗಂಟಿಕ್ಕಿಕೊಂಡೇ ಹುಟ್ಟಿದಂತಿದ್ದ. “ಚೆನ್ನಾಗಿದೀವಿ ಅಂದ್ರೆ ಎಷ್ಟು ಲೀಟರು ಮೇಡಂ? ನೀರು ಎಷ್ಟಿದೆ ಕೇಳಿ. ಗಾಯ ಆದವರು ಎಷ್ಟು ಜನ ಕೇಳಿ” ಎಂದ. ನನಗೆ ಉರಿದುಹೋಯಿತು. “ಹತ್ತು ದ್ವೀಪ ಕೇಳಿಸ್ಕೊಳ್ತಿರೋವಾಗ ಊರಿಗೆ ದೊಡ್ಡವನಾದವನನ್ನ ನಿನ್ನ ಕೊಡ ಎಣಿಸು ಅನ್ನೋದು ಅವಮಾನ. ನೀವು ನಿನ್ನೆ ಬಂದವರು, ನಿಮಗೆ ಇದೆಲ್ಲ ತಿಳಿಯಲ್ಲ. ನಾನು ಇಲ್ಲಿ ಹತ್ತೊಂಬತ್ತು ವರ್ಷದಿಂದ ಇದೀನಿ” ಎಂದೆ. ಅವನು ಭುಜ ಕುಣಿಸಿ ತನ್ನ ಕಾಗದಗಳ ಕಡೆ ತಿರುಗಿದ. ಹಸಿರು ಪಿನ್ನು ನಿನ್ನ ದ್ವೀಪದ ಮೇಲೆ ಕೂತಿತು. ಹೊಸಬನೊಬ್ಬ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಾನು ಹಳಬಳಾದ ಜಂಬಕ್ಕೆ ಕೇಳಲಿಲ್ಲ.

ಸೋಮವಾರ ನಿನ್ನ ದನಿ ಕರಕರ ಎನ್ನುತ್ತಿತ್ತು. “ಗಂಟಲಿಗೇನಾಯ್ತೋ?” ಎಂದು ನಾನು ಕೇಳಿದೆ. “ನಿನ್ನೆ ಪ್ರಾರ್ಥನೇಲಿ ಜಾಸ್ತಿ ಹಾಡಿಬಿಟ್ಟೆ ಅಕ್ಕಾ. ದೇವರಿಗೆ ಕಿವಿ ಮಂದ ಆಗಿದೆ” ಎಂದೆ ನೀನು. ನಾನು ಅದನ್ನೂ ನಂಬಿದೆ. ನೀನು ಹಾಡುವುದೇ ಹಾಗೆ, ತಗಡು ಹಾರುವ ಹಾಗೆ. ಮಂಗಳವಾರ ನೀನು ಸಿಗಲಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದುಕೊಂಡೆ. ಬುಧವಾರ ಬೆಳಿಗ್ಗೆಯೂ ಸಿಗಲಿಲ್ಲ. ಹೋಗಬೇಕಿದ್ದ ಇನ್ನೊಂದು ದ್ವೀಪ ಬಿಟ್ಟು ದೋಣಿ ನಿನ್ನ ಕಡೆಗೆ ತಿರುಗಿಸಿದೆ, ನಾನೂ ಹತ್ತಿದೆ.

ದೋಣಿ ಹತ್ತಿರವಾದಾಗ ದಡದಲ್ಲಿ ಜನ ನಿಂತಿದ್ದರು. ಯಾರೂ ಕೈಬೀಸಲಿಲ್ಲ. ಅಷ್ಟರಲ್ಲೇ ನನಗೆ ತಿಳಿಯಿತು. ಶನಿವಾರವೇ ಸಮುದ್ರ ಪಡುವಣದಿಂದ ಊರೊಳಗೆ ನುಗ್ಗಿ ಚರ್ಚಿನ ಸಿಮೆಂಟು ತೊಟ್ಟಿಗೆ ಉಪ್ಪುನೀರು ತುಂಬಿಸಿತ್ತು. ಮನೆಮನೆಯ ತೊಟ್ಟಿಗಳು ಉರುಳಿಹೋಗಿದ್ದವು. ತೊಂಬತ್ತೆರಡು ಜನಕ್ಕೆ ಬಿದ್ದ ಮರಗಳ ಎಳನೀರೊಂದೇ ಗತಿ. ಅದನ್ನು ಮಕ್ಕಳಿಗೆ ಮೊದಲು, ಮುದುಕರಿಗೆ ಆಮೇಲೆ ಎಂದು ಹಂಚಿದವನು ನೀನು. ನಿನ್ನ ಪಾಲು ಪಿಸಿಲಾ ನೋಡದ ಹೊತ್ತಿಗೆ ಪಕ್ಕದ ಮನೆಯ ಕೂಸಿನ ಬಾಯಿಗೆ ಹೋಗುತ್ತಿತ್ತು. ಹಾರಿಬಂದ ತಗಡು ಶನಿವಾರವೇ ನಿನ್ನ ಮೀನಖಂಡವನ್ನು ಸೀಳಿತ್ತು. ಅದಕ್ಕೆ ಬಟ್ಟೆ ಬಿಗಿದು ಮೇಲಿಂದ ಲುಂಗಿ ಇಳಿಬಿಟ್ಟುಕೊಂಡು ಊರೆಲ್ಲ ಓಡಾಡಿದೆಯಂತೆ, ಯಾರಿಗೂ ಹೇಳದೆ. ದೊಡ್ಡ ಮನುಷ್ಯ! ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಈ ಸಿಟ್ಟು ನನ್ನಿಂದ ಇನ್ನೂ ಇಳಿದಿಲ್ಲ. ನಿನ್ನ ಮೇಲಿನದೋ ನನ್ನ ಮೇಲಿನದೋ ಗೊತ್ತಾಗದೆ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಒಬ್ಬಳೇ ನಿನಗೆ ಬೈಯುತ್ತೇನೆ.

ದೋಣಿಯಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಮೈ ಕೆಂಡ. ಪಾಂಗಾಯಿ ಆಸ್ಪತ್ರೆ ಕಾಣಿಸುವ ಮೊದಲೇ ನೀನು ಹೋದೆ. ಅದಕ್ಕೆ ಮುಂಚಿನ ಒಂದು ಮಾತು ಇದೆ, ಅದನ್ನು ಕೊನೆಗೆ ಬರೆಯುತ್ತೇನೆ, ಈಗ ಕೈ ಬರುತ್ತಿಲ್ಲ.

ನಿನ್ನ ಮಣ್ಣಿನ ದಿನ ನಿಮ್ಮ ಪದ್ಧತಿಯಂತೆ ಸೊಂಟಕ್ಕೆ ಸುತ್ತಲು ನಾನು ಹಿಂಬದಿಯ ರಾಶಿಯಿಂದ ಹರಕು ಚಾಪೆ ಎತ್ತಿಕೊಂಡೆ. ಸಂಬಂಧದಲ್ಲಿ ಸತ್ತವರಿಗಿಂತ ಕೆಳಗಿನವರು ಸುತ್ತಿಕೊಳ್ಳುವ, ತಲೆಯವರೆಗೆ ಬರುವ, ಎಳೆಎಳೆಯಾದ ಮುಂಡಿಗೆ ಚಾಪೆ. ನನಗೆ ಅದೇ ತಕ್ಕದ್ದು ಅನ್ನಿಸಿತು. ಪಿಸಿಲಾ ಬಂದು ಕೈಯಿಂದ ಕಿತ್ತುಕೊಂಡಳು. “ಇದು ಹೆಂಡತಿದು, ನನ್ನದು. ನೀನು ಅಕ್ಕ, ಗಂಡಸಿಗೆ ಅಕ್ಕ ಅಂದ್ರೆ ಯಾವತ್ತೂ ಮೇಲಿನವಳು. ನೀನು ಹೀಗೆ ಕೂತ್ರೆ ಅವನಿಗೆ ಅವಮಾನ” ಎಂದು ಪೆಟ್ಟಿಗೆಯಿಂದ ನುಣ್ಣನೆಯ ಹೊಸ ಚಾಪೆ ತೆಗೆದು ತಾನೇ ನನ್ನ ಸೊಂಟಕ್ಕೆ ಬಿಗಿದಳು. ನಿನ್ನ ತಲೆಯ ಹತ್ತಿರ, ಗೌರವದ ಜಾಗದಲ್ಲಿ ಕೂರಿಸಿದಳು. ನಿನ್ನನ್ನು ಹಸಿರು ಪಿನ್ನಿನಿಂದ ಚುಚ್ಚಿ ಕೊಂದವಳು ಅಲ್ಲಿ ಕೂತಿದ್ದೆ ಇಸಿಲೆಲಿ, ಎಲ್ಲರೂ ಬಂದು ನನಗೆ ತಲೆಬಾಗಿ ಹೋಗುತ್ತಿದ್ದರು.

ಹೋದ ವಾರ ವರದಿ ಹಿಡಿದುಕೊಂಡು ಮೊಟುಹಿಫೋಕ್ಕೆ ಹೋದೆ. ಪಿಸಿಲಾಳಿಗೆ ಹನ್ನೊಂದನೆಯ ಪುಟ ಓದಿ ಹೇಳಿದೆ. ಅವಳು ಇನ್ನೂ ಕಪ್ಪು ಬಟ್ಟೆಯಲ್ಲೇ ಇದ್ದಾಳೆ, ಅದೇ ಹರಕು ಚಾಪೆ. “ಸುಳ್ಳೇನಿಲ್ಲ ಬಿಡು. ಅವನು ಹಾಗೇ ಅಂದಿದ್ದು” ಎಂದಳು. ಆಮೇಲೆ, “ಆದ್ರೆ ಇದನ್ನ ಮಕ್ಕಳಿಗೆ ಓದಿ ಹೇಳೋಕೆ ನನ್ನ ಕೈಲಾಗಲ್ಲ ಅಕ್ಕಾ” ಎಂದಳು.

ಅವತ್ತೇ ಅವಳು ನನಗೆ ಗೊತ್ತಿಲ್ಲದ ಸಂಗತಿ ಹೇಳಿದ್ದು. ಭಾನುವಾರ ರೇಡಿಯೋದ ಸುತ್ತ ಇಡೀ ಊರು ನಿಂತಿತ್ತಂತೆ. ಅಮೇಲಿಯಾಳ ಮಾತು ಎಲ್ಲರಿಗೂ ಕೇಳಿಸಿತಂತೆ. ನೀನು ಗುಂಡಿ ಒತ್ತುವ ಮೊದಲು ಊರವರ ಕಡೆ ತಿರುಗಿ, “ಅಲ್ಲಿ ಬಸುರಿಯರಿದಾರಂತೆ, ದೋಣಿ ಮೊದಲು ಅಲ್ಲಿಗೆ ಹೋಗ್ಲಿ” ಎಂದೆಯಂತೆ. ಸೋಮವಾರ ಪಿಸಿಲಾ ನಿನ್ನ ತೋಳು ಹಿಡಿದು, ಇವತ್ತಾದರೂ ಹೇಳು ಎಂದು ಅತ್ತಾಗ ನೀನು ಏನಂದೆ ಎಂಬುದನ್ನೂ ಹೇಳಿದಳು. ಹೇಳಲೋ ಬೇಡವೋ ಎಂದು ಚಾಪೆಯ ಎಳೆ ತಿರುಚುತ್ತಾ ಹೇಳಿದಳು. “ಹೆದರ್ಬೇಡ. ಆ ಕಡೆ ಕೂತಿರೋದು ಅಕ್ಕ. ಅವಳಿಗೆ ನನ್ನ ದನಿ ಗೊತ್ತು. ಬಾಯಿಬಿಟ್ಟು ಕೇಳ್ಬೇಕಾಗಿಲ್ಲ, ದೋಣಿ ತಾನೇ ಬರತ್ತೆ.”

ಅಯ್ಯೋ ತಮ್ಮಾ. ನಾನು ಗೆಣಸಿನ ಬುಟ್ಟಿ ಕೇಳಿರಲಿಲ್ಲ, ನೀನು ತಂದಿಟ್ಟಿದ್ದೆ. ನೀನು ನೀರು ಕೇಳಲಿಲ್ಲ, ನಾನು ತರಲಿಲ್ಲ. ನಮ್ಮಿಬ್ಬರ ಲೆಕ್ಕ ಇಷ್ಟೇ, ಇದಕ್ಕೆ ನಲವತ್ತು ಪುಟ ಯಾಕೆ ಬೇಕು?

ನನ್ನ ಮುಖ ನೋಡಿ ಪಿಸಿಲಾ ಕೇಳಿದಳು, “ಫೆಫೇ ಹಾಕೆ, ವಾಲಿಸಾ?” ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಬೇರೆ ಉತ್ತರ ಬಂತು. “ಇಕಾಯಿ ಕೆ ಸಾಯಿ” ಎಂದೆ. ಚೆನ್ನಾಗಿಲ್ಲ, ನಾನು ಚೆನ್ನಾಗಿಲ್ಲ. ಊರಿನಲ್ಲಿ ಯಾರೂ ಆಡದ ಮಾತು ಕೇಳಿ ಅವಳು ಬೆಚ್ಚಿಬಿದ್ದಳು. ಮರುಗಳಿಗೆ, “ನಾನೂ ಚೆನ್ನಾಗಿಲ್ಲ ಅಕ್ಕಾ, ಒಂದಿಷ್ಟೂ ಚೆನ್ನಾಗಿಲ್ಲ” ಎಂದು ನನ್ನ ಹೆಗಲಿಗೆ ಬಿದ್ದಳು. ಇಬ್ಬರೂ ಗಂಟಲು ಬಿಟ್ಟು ಅತ್ತೆವು. ಅಂಗಳದಲ್ಲಿದ್ದ ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೋಡಿದರು, ಏನೂ ಕೇಳದೆ ಸುಟ್ಟ ನೀರುಹಲಸು ತಂದು ನಮ್ಮ ಮುಂದಿಟ್ಟು ಹೋದರು.

ವಾಪಸು ಬಂದವಳು ಹನ್ನೊಂದನೆಯ ಪುಟದ ಆ ಸಾಲಿಗೆ ಗೀಟು ಹಾಕಿದೆ. ಮೇಲೆ ನನ್ನ ಕೈಯಲ್ಲೇ ಬರೆದೆ: ‘ಊರ ಅಧಿಕಾರಿ ಇಸಿಲೆಲಿ ತನ್ನವರ ರೂಢಿಯಂತೆ ಉತ್ತರಿಸಿ, ತನಗಿಂತ ಕಷ್ಟದಲ್ಲಿದ್ದವರಿಗೆ ದೋಣಿ ಬಿಟ್ಟುಕೊಟ್ಟ. ಆ ರೂಢಿ ಚೆನ್ನಾಗಿ ಬಲ್ಲ ಸಂಯೋಜಕಿ ವಾರಿಜಾ ಅದರ ಹಿಂದಿನದನ್ನು ವಿಚಾರಿಸಲಿಲ್ಲ. ವಿಚಾರಿಸಿರೆಂದ ಸಲಹೆಯನ್ನೂ ತಳ್ಳಿಹಾಕಿದಳು. ತಪ್ಪು ಅವಳದು.’ ಕೆಳಗೆ ಇನ್ನೊಂದು ಮಾತು ಸೇರಿಸಿದೆ: ‘ಇನ್ನು ಮುಂದೆ ಯಾವ ದ್ವೀಪವನ್ನೂ ಹೇಗಿದ್ದೀರಿ ಎಂದು ಕೇಳುತ್ತ ಕೂರಬಾರದು. ಸುತ್ತಲಿನ ಮೀನುದೋಣಿಗಳಲ್ಲಾದರೂ ಸರಿ, ಮೊದಲ ದಿನವೇ ಎಲ್ಲ ಕಡೆ ನೀರು ಇಳಿಸಿ ಬರಬೇಕು.’ ಸಹಿ ಹಾಕಿದೆ. ರಾಜಧಾನಿಯ ದೊಡ್ಡ ಸಾಹೇಬರು ಫೋನು ಮಾಡಿದರು. “ಸತ್ತವನಿಗೆ ಏನೂ ಆಗಲ್ಲ ವಾಲಿಸಾ, ನಿನ್ನ ಕೆಲಸ ಹೋಗತ್ತೆ” ಎಂದರು. ಹೋಗಲಿ ಎಂದೆ. ಸತ್ತವನಿಗೂ ಹೆಸರು ಅಂತ ಒಂದಿರುತ್ತದೆ.

ಈಗ ಆ ಮಾತು. ದೋಣಿಯಲ್ಲಿ ನೀನು ಕಣ್ಣು ಬಿಟ್ಟೆ. ನನ್ನನ್ನು ಗುರುತಿಸಿದೆ. ತುಟಿ ಒಡೆದು ಹೋಗಿತ್ತು, ಆದರೂ ಮರ್ಯಾದೆ ಬಿಡಲಿಲ್ಲ, ನೀನೇ ಮೊದಲು ಕೇಳಿದೆ, “ಫೆಫೇ ಹಾಕೆ, ಅಕ್ಕಾ?” ಹಾಳು ಅಭ್ಯಾಸ, ಹತ್ತೊಂಬತ್ತು ವರ್ಷದ ಅಭ್ಯಾಸ, ನನ್ನ ಬಾಯಿ ತಾನಾಗಿಯೇ ಹೇಳಿತು, “ಸಾಯಿ ಪೇ.” ನಿನ್ನ ಕಣ್ಣಲ್ಲಿ ಆ ಹಳೇ ತುಂಟತನ ಬಂತು. “ನಿನ್ನ ಭಾಷೇಲಾ, ನಮ್ಮ ಭಾಷೇಲಾ?” ಎಂದೆ ನೀನು. ನಗಲು ಹೋಗಿ ಕೆಮ್ಮಿದೆ. ಆಮೇಲೆ ಮಾತಾಡಲಿಲ್ಲ.

ನಾನು ಅವತ್ತು ಉತ್ತರ ಕೊಡಲಿಲ್ಲ. ಐದು ತಿಂಗಳಿಂದ ಹುಡುಕಿ ಈಗ ಸಿಕ್ಕಿದೆ. ಪಿಸಿಲಾಳಿಗೆ ಹೇಳಿದೆನಲ್ಲ, ಇಕಾಯಿ ಕೆ ಸಾಯಿ. ನಿಮ್ಮ ಭಾಷೆಯಲ್ಲಿ ಅದು ಚೆನ್ನಾಗಿಲ್ಲ ಎಂದು. ರೇಡಿಯೋದಲ್ಲಿ ನೀನು ಅನ್ನಬೇಕಿದ್ದ ಮಾತು. ಅದರ ‘ಇಕಾಯಿ’ಯನ್ನು, ಅಂದರೆ ‘ಬೇಡ’ವನ್ನು, ನಿಮ್ಮ ಭಾಷೆಯಲ್ಲಿ, ‘ಸಾಯಿ’ಯನ್ನು ನನ್ನ ಭಾಷೆಯಲ್ಲಿ ಕೇಳಿಸಿಕೋ ತಮ್ಮಾ: ಸಾಯಬೇಡ. ದೋಣಿಯಲ್ಲಿ ನಿನ್ನ ತಲೆ ಹಿಡಿದುಕೊಂಡು ನಾನು ಅನ್ನಬೇಕಿದ್ದ ಮಾತೂ ಅದೇ.

ನಿನ್ನ ಮಕ್ಕಳು ನಿನ್ನ ಹೆಸರು ಹೇಳಿಕೊಂಡು ತಲೆ ಎತ್ತಿ ಬಾಳಲಿ. ಬಾಯಾರಿದಾಗ ನೀರು ಕೇಳುವಷ್ಟು ನಾಚಿಕೆಗೆಟ್ಟವರಾಗಿ ಬೆಳೆಯಲಿ. ನಮ್ಮ ಕಡೆ ಹೊರಟವರಿಗೆ ಬರೀ ‘ಹೋಗು’ ಎನ್ನುವುದಿಲ್ಲ. ಹೋಗಿ ಬಾ, ಇಸಿಲೆಲಿ.

ನಿನ್ನ ದನಿ ಗೊತ್ತಿದ್ದೂ ಗುರುತಿಸದ ಅಕ್ಕ,
ವಾಲಿಸಾ